ಪಂಚಮಿಗೆ ಕರೆಯಲು ಹೋದದ್ದು

ತವರಿನವರು ಬಾಗಿಲಿಗೆ ಹೋಗಿ ಕರೆದರೇನೇ ಹೆಣ್ಣುಮಕ್ಕಳು ನಾಗರ ಪಂಚಮಿಗೆ ಬರುವುದು ನಮ್ಮ ಕಡೆಯ ರೂಢಿ. ಹೋದ ವರ್ಷ ಅಕ್ಕನನ್ನು ಫೋನಿನಲ್ಲಿ ಕರೆದೆ. ಬರಲಿಲ್ಲ, ದೀಪಾವಳಿಯವರೆಗೆ ಮಾತೂ ಇಲ್ಲ. ಅಪ್ಪ, ಅವ್ವ, ಆಮೇಲೆ ನನ್ನ ಹೆಂಡತಿ ತೀರಿಕೊಂಡ ಮೇಲೆ ನಮ್ಮ ಮನೆಗೆ ಹಬ್ಬಕ್ಕೆಂದು ಬರುವವಳು ಅವಳೊಬ್ಬಳೇ. ಅವಳು ಈ ವರ್ಷವೂ ಬರದಿದ್ದರೆ ಮನೆಯಲ್ಲಿ ಹಬ್ಬ ಮಾಡುವುದಾದರೂ ಯಾರಿಗೆ?

ಅದಕ್ಕೇ ನಾಲ್ಕು ದಿನ ಮೊದಲು, ನಸುಕಿನಲ್ಲೇ ಕೊಪ್ಪಳದಿಂದ ಸೈಕಲ್ ಮೇಲೆ ಹೊರಟೆ. ಅಕ್ಕನ ಊರು ಸಿದ್ದಾಪುರಕ್ಕೆ ಬಸ್ಸಿಲ್ಲವೆಂದಲ್ಲ. ಹೊಳೆಯ ದಂಡೆ ಹಿಡಿದು ತುಳಿದರೆ ಒಂದು ಇಡೀ ದಿನ ಮುಗಿಯುತ್ತದೆ, ಮನೆಯಲ್ಲಿದ್ದರೆ ಮುಗಿಯುವುದಿಲ್ಲ.

ಹುಲಿಗಿ ದಾಟಿದ ಮೇಲೆ ಎಡಕ್ಕೆ ಬಂಡೆ, ಬಲಕ್ಕೆ ನೀರು. ತಾಸಿಗೊಮ್ಮೆ ಇಳಿದು ಬೆನ್ನು ನೆಟ್ಟಗೆ ಮಾಡಿಕೊಂಡೆ. ಆನೆಗೊಂದಿಯಲ್ಲಿ ಚಹಾದವನು ಸೈಕಲ್ ನೋಡಿ ನಕ್ಕ.

“ಏನ್ರಿ ಕಾಕಾ, ಇದು ಫಾರಿನ್ ಮಂದಿ ಸೈಕಲ್ ಹೊಡಿಯೋ ಹಾದಿ. ನೀವ್ಯಾಕ ಬಂದ್ರಿ?”

“ಅಕ್ಕನ್ನ ಪಂಚಮಿಗೆ ಕರಿಯಾಕ ಹೊಂಟೇನಪಾ.”

“ಹಿಂದ ಕುಂದ್ರಿಸ್ಕೊಂಡು ಬರ್ತೀರೇನ್ರಿ? ಹಂಗಾರ ಗಾಳಿ ಹಾಕಿಸ್ಕೋರಿ!”

“ಆಕಿ ಬಸ್ಸಿಗೆ ಬರ್ತಾಳ” ಎಂದೆ. ಹೇಳಿದ ಮೇಲೆ ನನಗೂ ನಂಬಿಕೆ ಬಂತು.

ಗಂಗಾವತಿ ದಾಟಿ, ಕಾಲುವೆ ಏರಿಯ ಮೇಲೆ ಸಿದ್ದಾಪುರ ಮುಟ್ಟಿದಾಗ ಇಳಿಹೊತ್ತು. ಅಕ್ಕನ ಮನೆಗೆ ಬೀಗ. ಅವಳು ಗದ್ದೆಯಲ್ಲಿದ್ದಳು, ಮೊಣಕಾಲಿನವರೆಗೆ ಕೆಸರು, ಕೂಲಿ ಹೆಂಗಸರ ಸಾಲಿನ ನಡುವೆ ತಾನೂ ಬಗ್ಗಿ ಭತ್ತದ ಸಸಿ ನೆಡುತ್ತಾ. ಈ ವರ್ಷ ಕಾಲುವೆಗೆ ನೀರು ತಡವಾಗಿ ಬಂದು, ಊರಿಗೆ ಊರೇ ಒಮ್ಮೆಲೇ ನಾಟಿಗೆ ಇಳಿದಿತ್ತು.

“ಬಂದ್ಯಾ ತಮ್ಮಾ? ಸೈಕಲ್ ಮ್ಯಾಲ? ಹುಚ್ಚಪ್ಪ ಅದೀ ನೋಡು ನೀನು!”

“ಬಾಗಲಿಗೆ ಬಂದು ಕರಿ ಅಂದಿದ್ದಿ. ಬಾಗಲಿಗೆ ಕೀಲಿ ಐತಿ. ಇಲ್ಲೇ ಕರೀತೀನಿ, ಹಬ್ಬಕ್ಕ ಬಾ.”

ಹೆಂಗಸರೆಲ್ಲ ನಕ್ಕರು. ಅಕ್ಕ ನಗಲಿಲ್ಲ.

“ಆಳು ಸಿಗವಲ್ರು. ಹಬ್ಬದ ದಿನಾನೂ ನಾಟಿ ಐತಿ. ಹ್ಯಾಂಗ ಬರ್ಲಿ? ಈ ಸಲ ನೀನ ಇಲ್ಲೇ ಇದ್ದು ಬಿಡು.”

“ಅಲ್ಲಿ ದೀಪ ಹಚ್ಚೋರು ಯಾರು?” ಎಂದುಬಿಟ್ಟೆ.

ಅವಳು ಮತ್ತೆ ಕೇಳಲಿಲ್ಲ. ಇನ್ನೊಮ್ಮೆ ಕೇಳಿದ್ದರೆ ಉಳಿಯುತ್ತಿದ್ದೆ.

ಮರುದಿನ ಬೆಳಗ್ಗೆ ಡಬ್ಬಿಗೆ ಶೇಂಗಾ ಉಂಡಿ ತುಂಬಿ ಕೊಟ್ಟಳು. “ಹಬ್ಬದ ದಿನ ಮನ್ಯಾಗ ತಿನ್ನು. ಹಾದ್ಯಾಗ ತಿನಬ್ಯಾಡ.”

ಸಾಣಾಪುರದ ಹತ್ತಿರ ಬಂಡೆಗೆ ಸೈಕಲ್ ಒರಗಿಸಿ ಡಬ್ಬಿ ಬಿಚ್ಚಿದೆ. ಹಬ್ಬಕ್ಕೆ ಇನ್ನೂ ಮೂರು ದಿನವಿತ್ತು. ಮನೆಯಲ್ಲಾದರೂ ಒಬ್ಬನೇ ತಿನ್ನಬೇಕು; ಇಲ್ಲಿ ನೀರಿನ ಸಪ್ಪಳವಾದರೂ ಇತ್ತು. ಎರಡು ತಿಂದೆ.