ಮೂರು ಸೆಕೆಂಡಿನ ಪ್ಲಗಿನ್

ನಮ್ಮ ಭಾವ ಹಗಲೆಲ್ಲ ಕನ್ನಡಕದ ಅಂಗಡಿಯಲ್ಲಿ ಫ್ರೇಮಿನ ಅಳತೆಗೆ ಗಾಜು ಉಜ್ಜುತ್ತಾರೆ. ಸಂಜೆ ಮನೆಗೆ ಬಂದು ಇಂಟರ್ನೆಟ್ ರೇಡಿಯೋ ಆ್ಯಪ್‌ಗೆ ಪ್ಲಗಿನ್ ಬರೆಯುತ್ತಾರೆ. ಪ್ಲಗಿನ್ ಎಂದರೆ ಆ್ಯಪ್‌ಗೆ ಅಂಟಿಸುವ ಬಾಲ. ಆ್ಯಪ್ ಮಾಡಿದವರು ಬೇಡವೆಂದು ಬಿಟ್ಟದ್ದನ್ನೆಲ್ಲ ಭಾವ ಪುಕ್ಕಟೆಯಾಗಿ ಸೇರಿಸುತ್ತಾರೆ. ಜಾಹೀರಾತು ಬಂದಾಗ ದನಿ ತಗ್ಗಿಸಲು ಒಂದು, ಸ್ಟೇಷನ್ನುಗಳನ್ನು ಅಕ್ಷರಕ್ರಮದಲ್ಲಿ ಜೋಡಿಸಲು ಇನ್ನೊಂದು. ಕೆಲಸವಿಲ್ಲದ ಬಡಗಿ ಮಗುವಿನ ಕುಂಡೆ ಕೆತ್ತಿದ ಅನ್ನುತ್ತಾರಲ್ಲ, ಹಾಗೆ. ರೇಡಿಯೋ ಕೇಳುವುದಕ್ಕೆ ಮಾತ್ರ ಅವರಿಗೆ ಪುರುಸೊತ್ತಿಲ್ಲ.

ಅವರ ಹೆಮ್ಮೆಯ ಕೂಸು 'ಮೌನಭಂಗ' ಎಂಬ ಪ್ಲಗಿನ್. ಸ್ಟೇಷನ್ ಮೂರು ಸೆಕೆಂಡು ಸುಮ್ಮನಾದರೆ ಸಾಕು, ಪ್ರಸಾರ ನಿಂತಿತೆಂದು ತಿಳಿದು ಬೇರೆ ಸ್ಟೇಷನ್ನಿಗೆ ಹಾರುತ್ತದೆ. ಇನ್ನೂರು ಚಿಲ್ಲರೆ ಜನ ಇಳಿಸಿಕೊಂಡಿದ್ದಾರಂತೆ. ಆ ಸಂಖ್ಯೆ ನಮಗೆಲ್ಲ ಬಾಯಿಪಾಠ.

ಅವರ ಹೆಂಡತಿ, ಅಂದರೆ ನನ್ನ ಅಕ್ಕ, ಮೊದಲು ಸಣ್ಣದೊಂದು ಇಂಟರ್ನೆಟ್ ಸ್ಟೇಷನ್ನಿನಲ್ಲಿ ಕಥೆ ಓದುತ್ತಿದ್ದಳು. ಹೋದ ವರ್ಷ ಗಂಟಲಿನ ಆಪರೇಷನ್ ಆಯಿತು. ಎಂಟು ತಿಂಗಳು ಬರೀ ಪಿಸುಮಾತು. ಈಗ ದನಿ ಬಂದಿದೆ, ಆದರೆ ಪ್ರತಿ ವಾಕ್ಯಕ್ಕೂ ನಿಂತು ಉಸಿರೆಳೆದುಕೊಳ್ಳಬೇಕು. ಸ್ಟೇಷನ್ನಿನವರು ಒಂದು ಭಾನುವಾರ ಓದಿ ನೋಡಿ ಎಂದರು. ಅರ್ಧ ಗಂಟೆ, ನೇರ ಪ್ರಸಾರ. ವಾರವೆಲ್ಲ ಅವಳಿಗೆ ಊಟ ಸೇರಲಿಲ್ಲ. ಹೊರಡುವಾಗ ಭಾವನಿಗೆ ಒಂದೇ ಮಾತು ಹೇಳಿದಳು: "ಬೇರೆ ಯಾರು ಕೇಳ್ದಿದ್ರೂ ಪರವಾಗಿಲ್ಲ. ನೀವು ಪೂರ್ತಿ ಕೇಳಿ."

"ಕೇಳ್ದೆ ಇರ್ತೀನಾ," ಎಂದರು ಭಾವ.

ಬೆಳಿಗ್ಗೆ ಹನ್ನೊಂದಕ್ಕೆ ಅಮ್ಮ, ನಾನು, ಭಾವ ಲ್ಯಾಪ್‌ಟಾಪ್ ಮುಂದೆ ಕೂತೆವು. ಅಕ್ಕ ಮೊದಲ ವಾಕ್ಯ ಓದಿ ಉಸಿರಿಗೆ ನಿಂತಳು. ಕೂಡಲೇ ಯಾರೋ ಗಂಡಸು ಗೋಡೆಯ ಬಣ್ಣದ ಗುಣಗಾನ ಶುರುಮಾಡಿದ.

"ನೋಡಿದ್ಯಾ, ಕರೆಕ್ಟಾಗಿ ಮೂರೇ ಸೆಕೆಂಡು," ಎಂದು ಭಾವ ನನ್ನ ತೊಡೆ ತಟ್ಟಿದರು.

"ಮೊದ್ಲು ಅವಳ ದನಿ ಹಾಕಿ," ಎಂದಳು ಅಮ್ಮ.

ಹಾಕಿದರು. ಇನ್ನೊಂದು ವಾಕ್ಯ, ಇನ್ನೊಂದು ಉಸಿರು. ಈ ಸಲ ಹವಾಮಾನ ವರದಿ. ಸೆಟ್ಟಿಂಗ್ಸ್‌ನಲ್ಲಿ ಒಂದು ಟಿಕ್ ತೆಗೆದಿದ್ದರೆ ಮುಗಿಯುತ್ತಿತ್ತು. ನಾನು ಅದನ್ನೇ ಹೇಳಿದೆ.

"ಆಫ್ ಮಾಡೋದು ಪರಿಹಾರ ಅಲ್ವೋ," ಎಂದು ಭಾವ ಕೋಡ್ ತೆರೆದರು. ಮನುಷ್ಯರ ಉಸಿರನ್ನು ಗುರುತಿಸುವ ಹಾಗೆ ತಿದ್ದುತ್ತಾರಂತೆ. ಮೂಗು ಎದುರಿಗೇ ಇರುವಾಗ ಕೈ ಸುತ್ತಿ ಹಿಡಿಯುವವರಿಗೆ ಬುದ್ಧಿ ಹೇಳುವವರು ಯಾರು? ನನ್ನ ಫೋನಿಗೂ ಭಾವ ಮೌನಭಂಗ ಹಾಕಿಕೊಟ್ಟಿದ್ದರು. ನಾನು ಅದರಲ್ಲಿ ಆ ಟಿಕ್ ತೆಗೆದು, ಅಕ್ಕನ ಸ್ಟೇಷನ್ ಹಾಕಿ, ಅಮ್ಮನನ್ನು ಕರೆದುಕೊಂಡು ಅಡುಗೆಮನೆಗೆ ಹೋದೆ. ಅಕ್ಕ ಎಲ್ಲೂ ತಡವರಿಸಲಿಲ್ಲ. ಅಮ್ಮ ಅತ್ತಳು. ನಾನೂ ಕಣ್ಣೊರೆಸಿಕೊಂಡೆ.

ಹನ್ನೊಂದೂವರೆಗೆ ನಡುಮನೆಯಿಂದ "ಆಯ್ತು" ಎಂದು ಭಾವನ ದನಿ ಕೇಳಿತು. ಕಾರ್ಯಕ್ರಮವೂ ಆಗಿತ್ತು.

ಅಕ್ಕ ಬಂದವಳು ಚಪ್ಪಲಿಯನ್ನೂ ಬಿಡದೆ ನೇರ ಅವರ ಎದುರು ನಿಂತಳು. "ಹೇಗಿತ್ತು?"

ಭಾವ ಸುಳ್ಳು ಹೇಳುವವರಲ್ಲ, ಅದೊಂದು ಒಳ್ಳೆಯ ಗುಣ. "ಕೇಳಕ್ಕಾಗ್ಲಿಲ್ಲ. ನೀನು ಉಸಿರು ತಗೊಂಡಾಗೆಲ್ಲ ಬೇರೆ ಸ್ಟೇಷನ್ನಿಗೆ ಹೋಗ್ತಿತ್ತು. ಈಗ ಸರಿ ಮಾಡಿದೀನಿ. ಇನ್ಮೇಲೆ ನೀನು ಎಷ್ಟೊತ್ತು ನಿಂತ್ರೂ ಅದು ಕಾಯುತ್ತೆ."

ಅಕ್ಕ ಕುರ್ಚಿ ಎಳೆದು ಕೂತಳು. "ಅದಕ್ಕೆ ಕಾಯೋದು ಕಲಿಸಿದ್ರಾ," ಎಂದು ಉಸಿರೆಳೆದುಕೊಂಡಳು. ಅಷ್ಟರಲ್ಲಿ ಭಾವ ಏನೋ ಹೇಳಲು ಬಾಯಿ ತೆರೆದರು. ಅವಳು ಕೈ ಎತ್ತಿ ತಡೆದಳು. "ಎಂಟು ತಿಂಗಳೂ ನೀವು ಹೀಗೇ ಮಾಡಿದ್ರಿ. ನಾನು ಉಸಿರು ತಗೊಳ್ಳೋಷ್ಟರಲ್ಲಿ ಬೇರೆ ಮಾತಿಗೆ ಹೋಗ್ಬಿಡ್ತಿದ್ರಿ."

ಭಾವ ಲ್ಯಾಪ್‌ಟಾಪ್ ಮುಚ್ಚಿದರು. "ಈಗ ಓದು, ಕೇಳ್ತೀನಿ," ಎಂದರು.

"ಇವತ್ತು ಗಂಟಲು ಸೋತಿದೆ," ಎಂದು ಅಕ್ಕ ಒಳಗೆ ಹೋದಳು.