ಬೀರುವಿನೊಳಗಿನ ಬಲ್ಬು

ಕಣ್ಣಿನ ರೆಪ್ಪೆ ನೋಡಿದರೆ ಸಾಕು, ಉಸ್ತಾದರು ಅಂದು ಯಾವ ಬಣ್ಣ ಹೊಡೆದಿದ್ದಾರೆಂದು ಗೊತ್ತಾಗುತ್ತಿತ್ತು. ಮೂಗು ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ರೆಪ್ಪೆಯ ಕೂದಲ ಮೇಲೆ ಮಾತ್ರ ಸ್ಪ್ರೇ ಗನ್ನಿನ ಮಂಜು ಕೂರುತ್ತಿತ್ತು. ಸಿರುಗುಪ್ಪದಲ್ಲಿ ನಮ್ಮ ಮನೆಯ ಎದುರಿಗೇ ಅವರ ಪೇಂಟಿಂಗ್ ಶೆಡ್ಡು. ದಿನಚರಿಯಲ್ಲಿ ತಾರೀಖಿನ ಪಕ್ಕ ನಾನು ಆ ಬಣ್ಣವನ್ನೂ ಬರೆದಿಡುತ್ತಿದ್ದೆ: ಹಸಿರು, ಟ್ರ್ಯಾಕ್ಟರ್ ಕೆಂಪು, ಮತ್ತೆ ಹಸಿರು.

ಅಕ್ಕನ ಮದುವೆಗೆ ಅವ್ವ ತನ್ನ ಹಳೆಯ ಕಬ್ಬಿಣದ ಬೀರುವನ್ನೇ ಕೊಡುವುದೆಂದಾಯಿತು. ಅಕ್ಕ ಒಪ್ಪಿದಳು, ಆದರೆ ಹೋಗಿ ಬಂದು ಅದರ ತುಕ್ಕನ್ನು ಉಗುರಿನಿಂದ ಕೆರೆದು ನೋಡುತ್ತಿದ್ದಳು. ಅವ್ವ ಉಸ್ತಾದರ ಬಳಿ ಹೋಗಿ, "ಹಳೇದು ಕಳಿಸ್ಯಾರ ಅಂತ ಬೀಗರು ಅನ್ನಬಾರ್ದ್ರಿ" ಎಂದಳು.

"ಬೀಗರು ಮೀಸಿ ತಿದ್ದಿಕೊಳ್ಳಾಕ ಇದರ ಮುಂದ ನಿಂದ್ರಬೇಕು, ಹಂಗ ಮಾಡ್ತೀನಿ" ಎಂದರು ಉಸ್ತಾದರು. ತಮ್ಮ ಕೈಚಳಕ ಹೇಳಿಕೊಳ್ಳಲು ಅವರಿಗೆ ಸಂಕೋಚವಿರಲಿಲ್ಲ.

ತುಕ್ಕು ತೆಗೆದು, ಪುಟ್ಟಿ ಮೆತ್ತಿ, ನೀರು ಹಾಕಿ ಉಜ್ಜಿದರು. ಕಣ್ಣು ಮುಚ್ಚಿ ಅಂಗೈ ಆಡಿಸಿ ಮತ್ತೆ ಉಜ್ಜಿದರು. ಕೊನೆಯ ಕೋಟು ಬಾಕಿಯಿದ್ದ ದಿನ ಬೆಳಗ್ಗೆಯೇ ಕರೆಂಟು ಹೋಯಿತು. ಮರುದಿನ ಸಂಜೆ ಬೀರು ಬೀಗರ ಊರು ಕುರುಗೋಡಿಗೆ ಹೊರಡಬೇಕು. ಕರೆಂಟು ಬಂದಾಗ ಹೊತ್ತು ಮುಳುಗಿತ್ತು. ಭತ್ತ ತೆನೆ ಕಟ್ಟುವ ಕಾಲ. ದೀಪ ಹಾಕಿದರೆ ಗದ್ದೆಯ ಹಸಿರು ಹುಳುಗಳು ಮುತ್ತಿ ಹಸಿ ಬಣ್ಣಕ್ಕೆ ಅಂಟುತ್ತವೆ. ಅಕ್ಕ ಶೆಡ್ಡಿಗೆ ಬಂದು, ಇದ್ದ ಹಾಗೇ ಕಳಿಸಿಬಿಡಿ ಎಂದಳು.

ಉಸ್ತಾದರು ಶೆಡ್ಡಿನ ದೀಪ ಹಾಕಲೇ ಇಲ್ಲ. ರಸ್ತೆಯಾಚೆ ನಮ್ಮ ಕಟ್ಟೆಯ ಮೇಲಿನ ಬಲ್ಬು ಹಾಕಿಸಿದರು. ಹುಳುಗಳೆಲ್ಲ ಅತ್ತ ಹೋದವು. ಕತ್ತಲ ಶೆಡ್ಡಿನಲ್ಲಿ ಕಂಪ್ರೆಸರ್ ಶುರುವಾಯಿತು. ಉಸ್ತಾದರು ನನ್ನನ್ನು ಹತ್ತಿರ ಕರೆದರು.

"ಬೀರು ಬಾಗಿಲಾಗ ನೋಡವ್ವಾ. ನಿಮ್ಮ ಮನಿ ಬಲ್ಬು ಕಾಣ್ತೈತಲ್ಲ? ಎಲ್ಲಿ ಮಸುಕು ಐತಿ, ಅಲ್ಲಿ ಬಣ್ಣ ಸಾಲಿಲ್ಲ. ದುಂಡಗ ಕಂಡರ ಕೈ ಎತ್ತಬೇಕು. ಅದರ ಮ್ಯಾಲ ಹೊಡದರ ಬಣ್ಣ ಸೋರಿ ಇಳೀತೈತಿ."

ಗನ್ನು ಅಂಚಿಗಿಂತ ಮೊದಲೇ ಹೊರಟು, ಅಂಚು ದಾಟಿದ ಮೇಲೆಯೇ ನಿಲ್ಲುತ್ತಿತ್ತು. ಅವರ ಹಿಂದೆಯೇ ನಾನೂ ಬಗ್ಗಿ, ಸರಿದು, ಎದ್ದಂತೆಲ್ಲ ಆ ಬೆಳಕಿನ ಚುಕ್ಕೆಯೂ ಬಾಗಿಲ ತುಂಬ ಅಡ್ಡಾಡಿತು. ಹೋದಲ್ಲೆಲ್ಲ ದುಂಡಗಾಗುತ್ತ ಬಂತು.

ಬೆಳಗ್ಗೆ ಅಕ್ಕ ಬೀರುವಿನ ಮುಂದೆ ಬಂದು ನಿಂತಳು. ಅದರಲ್ಲೇ ಮುಖ ನೋಡಿಕೊಂಡು, ಹಣೆಯ ಕುಂಕುಮ ಸರಿಮಾಡಿಕೊಂಡಳು. ಉಸ್ತಾದರು ನನ್ನ ಕಡೆ ತಿರುಗಿದರು. ರೆಪ್ಪೆಯೆಲ್ಲ ನವಿಲು ನೀಲಿ. "ಮೀಸಿ ಇಲ್ಲ, ಅಷ್ಟ" ಎಂದರು.

ಓದಲು ಬಳ್ಳಾರಿಗೆ ಬಂದ ಮೇಲೆ ದಿನಚರಿಯಲ್ಲಿ ಬಣ್ಣದ ಜಾಗ ಖಾಲಿ ಉಳಿಯಿತು. ಮೊನ್ನೆ ಉಸ್ತಾದರು ತೀರಿಹೋದರೆಂದು ಫೋನು ಬಂದಾಗ ನಾನು ಕುರುಗೋಡಿನಲ್ಲಿ, ಅಕ್ಕನ ಮನೆಯಲ್ಲಿದ್ದೆ. ಅಕ್ಕ ಎದ್ದು ಬಲ್ಬು ಹಾಕಿದಳು. ಬೀರುವಿನ ಬಾಗಿಲೊಳಗೆ ಅದು ಇನ್ನೂ ದುಂಡಗೇ ಕಂಡಿತು. ಅಂದಿನ ತಾರೀಖಿನ ಪಕ್ಕ ನವಿಲು ನೀಲಿ ಎಂದು ಬರೆದೆ.