ಮುಯ್ಯಿ ಪಟ್ಟಿ

ಇಳಕಲ್ಲಿನ ಗ್ರಾನೈಟ್ ಕ್ವಾರಿಯೊಂದರ ಆಫೀಸಿನಲ್ಲಿ ಹಳೆಯ ಸಾಫ್ಟ್‌ವೇರ್ ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಕಲ್ಲು ತೆಗೆಯುವ ಯಾವುದೇ ಗುಂಡಿಯಲ್ಲಿ ಬಂಡೆ ಸಿಡಿಸುವ ಮೊದಲು ಆ ಗುಂಡಿಯ ಹಾಜರಿಯಲ್ಲಿ ಇರುವವರ ಫೋನಿಗೆ ಅದು ಎಚ್ಚರಿಕೆ ಕಳಿಸುತ್ತದೆ. ನನ್ನ ಅಣ್ಣನೂ ಅಲ್ಲೇ ಡ್ರಿಲ್ಲಿಂಗ್ ಮಾಡುತ್ತಾನೆ. ಹಾಗಾಗಿ ಆ ಪ್ರೋಗ್ರಾಮನ್ನು ಮುಟ್ಟಲು ನನಗೆ ಅಂಜಿಕೆ.

ಅದನ್ನು ಬರೆದವರು ಕೆಲಸ ಬಿಟ್ಟು ವರ್ಷಗಳಾಗಿದ್ದವು. ಒಂದು ಸಾಲು ತೆಗೆದರೆ ಎಲ್ಲಿ ಏನು ಕೆಡುತ್ತದೋ ಯಾರಿಗೂ ಗೊತ್ತಿರಲಿಲ್ಲ. ಅದಕ್ಕೇ ಸೆಮ್ಯಾಂಟಿಕ್ ವೆಬ್ ಎಂಬ ವಿಧಾನ ಕಲಿತೆ. ಪ್ರೋಗ್ರಾಮಿನ ಪ್ರತಿ ಭಾಗದ ಬಗ್ಗೆ ಕಂಪ್ಯೂಟರಿಗೂ ಅರ್ಥವಾಗುವ ಪುಟ್ಟ ವಾಕ್ಯ ಬರೆಯುವುದು: ಎಚ್ಚರಿಕೆಗೆ ಹಾಜರಿ ಪಟ್ಟಿ ಬೇಕು, ಹಾಜರಿ ಪಟ್ಟಿಗೆ ಗುಂಡಿಯ ನಂಬರು ಬೇಕು. ಈ ನಂಟುಗಳೆಲ್ಲ ಕೂಡಿದರೆ, ಇಂಥದ್ದನ್ನು ತೆಗೆದರೆ ಏನಾಗುತ್ತದೆ ಎಂದು ಕಂಪ್ಯೂಟರನ್ನೇ ಕೇಳಬಹುದು. ಮುಂದೆ ನನ್ನ ಜಾಗಕ್ಕೆ ಬರುವವರೂ ಕೇಳಬಹುದು.

ಒಂದು ದಿನ ಪ್ರೋಗ್ರಾಮಿನಲ್ಲಿದ್ದ ಮುಯ್ಯಿ ಪಟ್ಟಿಯ ಬಗ್ಗೆ ಕಂಪ್ಯೂಟರನ್ನು ಕೇಳಿದೆ. ಯಾವ ಭಾಗಕ್ಕೂ ಬೇಡ ಎಂದು ಉತ್ತರ ಬಂತು. ಕಸವೆಂದು ಅಳಿಸಿಬಿಟ್ಟೆ. ಹೊಲದಲ್ಲಿರುವಂತೆ ನಮ್ಮ ಕ್ವಾರಿಯಲ್ಲೂ ಮುಯ್ಯಿ ಉಂಟು. ಇವತ್ತು ನೀನು ನನ್ನ ಗುಂಡಿಗೆ ಬಂದರೆ ನಾಳೆ ನಾನು ನಿನ್ನ ಗುಂಡಿಗೆ ಬರುತ್ತೇನೆ. ಹಾಜರಿ ಮಾತ್ರ ಅವರವರ ಗುಂಡಿಯಲ್ಲೇ; ಯಾರು ಯಾರ ಗುಂಡಿಗೆ ಹೋದರೆಂಬುದು ಮುಯ್ಯಿ ಪಟ್ಟಿಯಲ್ಲಿ. ಇದೆಲ್ಲ ಗೊತ್ತಿದ್ದೂ ನನ್ನ ಬುದ್ಧಿಗೆ ಮಂಕು ಕವಿದಿತ್ತು.

ಮರುದಿನ ಮಧ್ಯಾಹ್ನ ಮೇಸ್ತ್ರಿಯ ಫೋನ್ ಬಂತು.

"ಅಕ್ಕಾರ, ಮುಯ್ಯಿ ಪಟ್ಟಿ ಎಲ್ಲಿ ಹೋತ್ರಿ? ದಿನಾ ಅದನ್ನ ನೋಡೇ ಮುಯ್ಯಿಗೆ ಹೋದವರನ್ನ ಮ್ಯಾಲ ಕರಸ್ತಿದ್ದೆನ್ರಿ. ಇವತ್ತ ನಿಮ್ಮ ಅಣ್ಣಾರು ಎರಡನೇ ಗುಂಡಿಗೆ ಹೋಗ್ಯಾರಂತ. ಕರಿಯಾಕ ಮಂದಿ ಓಡಿಸೇನ್ರಿ."

ಸಿಡಿಸುತ್ತಿದ್ದುದು ಎರಡನೇ ಗುಂಡಿಯನ್ನೇ. ಹತ್ತು ನಿಮಿಷ ಉಳಿದಿತ್ತು. ಹಾಜರಿ ತನ್ನ ಗುಂಡಿಯಲ್ಲೇ ಇದ್ದುದರಿಂದ ಅಣ್ಣನಿಗೆ ಎಚ್ಚರಿಕೆ ಹೋಗಿರಲಿಲ್ಲ. ಡ್ರಿಲ್ಲಿನ ಸದ್ದಿನಲ್ಲಿ ಸೈರನ್ನೂ ಕೇಳಿಸುವುದಿಲ್ಲ. ಅವನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಮತ್ತೆ ಮಾಡಿದೆ. ಸಿಡಿಸುವುದನ್ನು ತಡೆಯಿರಿ ಎನ್ನಲು ಮೇಸ್ತ್ರಿಗೆ ಮಾಡಿದರೆ ಅವರ ಫೋನೂ ಹತ್ತಲಿಲ್ಲ. ಅಷ್ಟರಲ್ಲಿ ಢಂ ಎಂದಿತು, ಕಿಟಕಿಯ ಗಾಜು ನಡುಗಿತು. ಅಣ್ಣನ ನಂಬರನ್ನು ಮತ್ತೆ ಮತ್ತೆ ಒತ್ತುತ್ತಲೇ ಇದ್ದೆ.

ಎಷ್ಟೋ ಹೊತ್ತಿನ ಮೇಲೆ ಅಣ್ಣನೇ ಫೋನ್ ಮಾಡಿದ.

"ಯಾಕ ತಂಗಿ, ಇಷ್ಟ್ ಸಲ ಮಾಡಿಯಲ್ಲ? ಮೇಸ್ತ್ರಿ ಮಂದಿ ಬಂದು ಕೈ ಹಿಡದು ಎಳಕೊಂಡು ಬಂದ್ರು. ಉಣ್ಣಾಕ ಕುಂತೇನಿ."

ಏನಿಲ್ಲ ಎಂದೆ. ಪಟ್ಟಿಯನ್ನು ಮರಳಿ ತಂದು, ಮುಯ್ಯಿ ಪಟ್ಟಿಯನ್ನು ಮೇಸ್ತ್ರಿ ಓದುತ್ತಾರೆ ಎಂಬ ವಾಕ್ಯ ಸೇರಿಸಿದೆ. ಇನ್ನೂ ಯಾರ್‍ಯಾರು ಏನೇನನ್ನು ಬರೀ ಕಣ್ಣಿನಿಂದ ಓದಿ ನಡೆಸುತ್ತಿದ್ದಾರೋ ಎಂಬ ಅಂಜಿಕೆ ಮಾತ್ರ ಹೋಗಿಲ್ಲ.

ಅಣ್ಣ ಈಗಲೂ ಹೊಸದಾಗಿ ಬಂದವರಿಗೆ ಹೇಳುತ್ತಾನಂತೆ: "ಅಂಜಬ್ಯಾಡ್ರಿ, ಆಫೀಸಿನ್ಯಾಗ ನಮ್ಮ ತಂಗಿ ಅದಾಳ." ಆ ಪಟ್ಟಿ ಅಳಿಸಿದ್ದು ನಾನೇ ಎಂದು ಅವನಿಗೆ ಇನ್ನೂ ಹೇಳಿಲ್ಲ.